ಬಟ್ಟೆ ವ್ಯಾಪಾರಿಯ ಮಗ ಫ್ರಾಂಚೆಸ್ಕೊ: ಅಸ್ಸಿಸಿಯ ಸಂತ ಫ್ರಾನ್ಸಿಸರ ಜೀವನ ಮತ್ತು ಅವರ ಹೆಸರಿನ ಕಥೆ



ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಫ್ರಾನ್ಸಿಸ್ ಎಂಬ ಹೆಸರಿಲ್ಲದ ಮನೆತನ ಸಿಗುವುದು ಕಷ್ಟ. ಅಜ್ಜನಿಗೆ ಇಲ್ಲದಿದ್ದರೆ ಚಿಕ್ಕಪ್ಪನಿಗೆ, ಚಿಕ್ಕಪ್ಪನಿಗೆ ಇಲ್ಲದಿದ್ದರೆ ಮೊಮ್ಮಗನಿಗಾದರೂ ಇದ್ದೇ ಇರುತ್ತದೆ. ಆದರೆ ಈ ಹೆಸರಿನ ಅರ್ಥ ಏನು ಅಂತ ಕೇಳಿದರೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಪೇತ್ರ ಎಂದರೆ ಬಂಡೆ ಎಂಬುದು ಶುಭಸಂದೇಶದಿಂದ ಎಲ್ಲರಿಗೂ ಗೊತ್ತು. ಫ್ರಾನ್ಸಿಸ್ ಎಂಬ ಹೆಸರಾದರೋ ಪವಿತ್ರ ಬೈಬಲಿನಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ಇಟಲಿ ದೇಶದ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಖುಷಿಗೆ ಮಗನನ್ನು ಕರೆದ ಹೆಸರು. ಆ ಮಗ ಮುಂದೆ ತಂದೆಯ ಅಂಗಡಿ, ಆಸ್ತಿ, ಕೊನೆಗೆ ಮೈಮೇಲಿನ ಬಟ್ಟೆಯನ್ನೂ ತಂದೆಗೇ ವಾಪಸ್ ಕೊಟ್ಟುಬಿಟ್ಟ. ಹೆಸರೊಂದು ಮಾತ್ರ ಉಳಿಯಿತು. ಇವತ್ತು ಲೋಕದ ನಾಲ್ಕು ದಿಕ್ಕಿನಲ್ಲೂ ಮಕ್ಕಳಿಗೆ ಇಡುವುದು ಹಾಗೆ ಉಳಿದ ಆ ಹೆಸರನ್ನೇ.

ಹೆಸರು ಬಂದ ಬಗೆ

ಇಟಲಿಯ ನಡುಭಾಗದಲ್ಲಿ ಉಂಬ್ರಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿ ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿ ಕಲ್ಲುಮನೆಗಳ ಪಟ್ಟಣ ಅಸ್ಸಿಸಿ. ಆ ಊರಿನಲ್ಲಿ ಪಿಯೆತ್ರೊ ದಿ ಬೆರ್ನಾರ್ದೊನೆ ಎಂಬ ಶ್ರೀಮಂತ ಬಟ್ಟೆ ವ್ಯಾಪಾರಿ ಇದ್ದರು. ಒಳ್ಳೊಳ್ಳೆಯ ಬಟ್ಟೆ ತರಲು ಅವರು ಫ್ರಾನ್ಸ್ ದೇಶಕ್ಕೆ ಹೋಗಿ ಬರುತ್ತಿದ್ದರು. ಆಗ ರೈಲಿಲ್ಲ, ಬಸ್ಸಿಲ್ಲ. ಕುದುರೆ, ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಹೋದರೆ ಬರುವುದು ಎಷ್ಟೋ ತಿಂಗಳ ಮೇಲೆ. 1181ರಲ್ಲೋ 1182ರಲ್ಲೋ ಅವರು ಹಾಗೆ ಹೋಗಿದ್ದಾಗ ಹೆಂಡತಿ ಪಿಕಾ ಗಂಡುಮಗುವಿಗೆ ಜನ್ಮ ಕೊಟ್ಟರು. ತಾಯಿ ಮಗುವಿಗೆ ಸ್ನಾನಿಕ ಯೊವಾನ್ನರ ಹೆಸರು, ಅಂದರೆ ಇಟಲಿ ಭಾಷೆಯಲ್ಲಿ ಜಿಯೊವಾನ್ನಿ ಎಂದು ಇಟ್ಟು ದೀಕ್ಷಾಸ್ನಾನ ಕೊಡಿಸಿದರು.

ಪಿಯೆತ್ರೊ ವಾಪಸ್ ಬಂದು ನೋಡಿದರು. ಮಗನೇನೋ ಆಗಿದ್ದಾನೆ, ಹೆಸರು ಹಿಡಿಸಲಿಲ್ಲ. ಫ್ರಾನ್ಸಿನ ಮೇಲೆ ಅವರಿಗೆ ಬಲು ಅಭಿಮಾನ. ಅಂಗಡಿಯ ಏಳಿಗೆಯೂ ಅಲ್ಲಿಂದಲೇ. ಮಗನನ್ನು ಫ್ರಾಂಚೆಸ್ಕೊ ಎಂದು ಕರೆಯತೊಡಗಿದರು. ಅರ್ಥ ಇಷ್ಟೇ, ಫ್ರಾನ್ಸಿನವನು. ನಮ್ಮ ಕಡೆ ಪರದೇಶದವರಿಗೆ ಪರಂಗಿ ಎನ್ನುತ್ತಿದ್ದರಲ್ಲ, ಮಂಗಳೂರಿನ ಹತ್ತಿರ ಫರಂಗಿಪೇಟೆ ಇದೆಯಲ್ಲ, ಆ ಮಾತೂ ಇದೂ ಒಂದೇ ಬೇರಿನವು. ಫ್ರಾಂಕ್ ಎಂಬ ಹಳೆಯ ಜನಾಂಗದ ಹೆಸರು ಅರಬ್ಬೀ ಪಾರ್ಸಿಗಳ ಮೂಲಕ ಬಂದು ನಮ್ಮಲ್ಲಿ ಪರಂಗಿಯಾಯಿತು, ಇಟಲಿಯಲ್ಲಿ ಫ್ರಾಂಚೆಸ್ಕೊ ಆಯಿತು. ಪರಂಗಿ ಹಣ್ಣು ತಿನ್ನುವಾಗ ಸಂತರ ನೆನಪು ಬಂದರೆ ತಪ್ಪೇನೂ ಇಲ್ಲ!

ಹುಡುಗನಿಗೂ ಹೆಸರು ಒಪ್ಪಿತು. ಫ್ರೆಂಚ್ ಹಾಡುಗಳೆಂದರೆ ಅವನಿಗೆ ಪ್ರಾಣ. ಮುಂದೆ ಸನ್ಯಾಸಿಯಾದ ಮೇಲೂ ಮನಸ್ಸು ತುಂಬಿ ಬಂದಾಗ ಬಾಯಿಗೆ ಬರುತ್ತಿದ್ದದ್ದು ಫ್ರೆಂಚ್ ಭಾಷೆಯೇ ಎಂದು ಹಳೆಯ ಚರಿತ್ರೆಗಾರರು ಬರೆದಿದ್ದಾರೆ.

ಮೋಜಿನ ದಿನಗಳು, ಜೈಲಿನ ದಿನಗಳು

ಕೈತುಂಬಾ ದುಡ್ಡು, ಮೈತುಂಬಾ ಬೆಲೆಬಾಳುವ ಬಟ್ಟೆ, ಸುತ್ತ ಗೆಳೆಯರ ಗುಂಪು. ರಾತ್ರಿ ಊಟ ಕೂಟ ಮುಗಿಸಿ ಬೀದಿಯಲ್ಲಿ ಹಾಡಿಕೊಂಡು ಹೋಗುವುದು, ಖರ್ಚೆಲ್ಲಾ ಫ್ರಾಂಚೆಸ್ಕೊನದೇ. ಹಾಗಂತ ಕೆಟ್ಟ ಹುಡುಗನೇನಲ್ಲ. ಭಿಕ್ಷೆ ಕೇಳಿದವರಿಗೂ ಧಾರಾಳವಾಗಿ ಕೊಡುತ್ತಿದ್ದ. ವೀರಯೋಧನಾಗಿ ಹೆಸರು ಮಾಡಬೇಕೆಂಬ ಆಸೆ ಮಾತ್ರ ತಲೆಯಲ್ಲಿ ಕೂತಿತ್ತು. 1202ರಲ್ಲಿ ಅಸ್ಸಿಸಿಗೂ ಪಕ್ಕದ ಪೆರುಜಾ ಪಟ್ಟಣಕ್ಕೂ ಯುದ್ಧವಾಯಿತು. ಅಸ್ಸಿಸಿ ಸೋತಿತು. ಫ್ರಾಂಚೆಸ್ಕೊ ಸೆರೆಯಾಗಿ ಸುಮಾರು ಒಂದು ವರ್ಷ ಪೆರುಜಾದ ಸೆರೆಮನೆಯಲ್ಲಿ ಕಳೆದ. ಬಿಡುಗಡೆಯಾಗಿ ಬಂದವನು ಕಾಯಿಲೆ ಬಿದ್ದ. ಎದ್ದ ಮೇಲೆ ಮತ್ತೆ ಹೊಸ ಕುದುರೆ, ಹೊಸ ಆಯುಧ ಕೊಂಡು ದಕ್ಷಿಣ ಇಟಲಿಯ ಯುದ್ಧಕ್ಕೆ ಹೊರಟ. ಆದರೆ ಸ್ಪೊಲೆತೊ ಊರಿನ ತನಕ ಹೋದವನು ಕನಸಿನಲ್ಲಿ ದೈವವಾಣಿ ಕೇಳಿ ಹಿಂದಕ್ಕೆ ಬಂದುಬಿಟ್ಟ. ಊರವರಿಗೆ ನಗೆಪಾಟಲು. ತಂದೆಗೆ ಎಷ್ಟು ಖರ್ಚಾಗಿತ್ತೋ!

ಒಂದು ದಿನ ಅಸ್ಸಿಸಿಯ ಕೆಳಗಿನ ಬಯಲಿನಲ್ಲಿ ಕುದುರೆ ಮೇಲೆ ಹೋಗುತ್ತಿರುವಾಗ ಎದುರಿಗೆ ಒಬ್ಬ ಕುಷ್ಠರೋಗಿ ಬಂದ. ಫ್ರಾಂಚೆಸ್ಕೊಗೆ ಕುಷ್ಠರೋಗಿಗಳೆಂದರೆ ಮೊದಲಿಂದ ಅಸಹ್ಯ, ದೂರದಿಂದ ಕಂಡರೇ ಮೂಗು ಮುಚ್ಚಿಕೊಳ್ಳುತ್ತಿದ್ದ. ಅವತ್ತು ಕುದುರೆಯಿಂದ ಇಳಿದು ನಾಣ್ಯ ಕೊಟ್ಟು ಆ ಕೈಗೆ ಮುತ್ತಿಟ್ಟ. ಸಾಯುವ ಕಾಲಕ್ಕೆ ತಮ್ಮ ಮರಣಶಾಸನ ಬರೆಸುವಾಗ ಫ್ರಾನ್ಸಿಸರು ಮೊಟ್ಟಮೊದಲು ನೆನೆಸಿಕೊಂಡದ್ದು ಕುಷ್ಠರೋಗಿಗಳನ್ನೇ. ತಮ್ಮ ಬದುಕು ತಿರುಗಿದ್ದು ಅಲ್ಲಿಂದ ಎಂದು ಅವರೇ ತಿಳಿದಿದ್ದರು.

ತಂದೆ ಮತ್ತು ಮಗ

ಊರ ಹೊರಗೆ ಸಂತ ದಮಿಯಾನರ ಹಳೆಯ ದೇವಾಲಯ ಬೀಳುವ ಸ್ಥಿತಿಯಲ್ಲಿತ್ತು. ಅಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ಹಾಳಾಗುತ್ತಿರುವ ತನ್ನ ಮನೆಯನ್ನು ರಿಪೇರಿ ಮಾಡು ಎಂದು ಯೇಸುಸ್ವಾಮಿ ಹೇಳಿದಂತೆ ಫ್ರಾನ್ಸಿಸರಿಗೆ ಕೇಳಿಸಿತು. ಅವರು ಅದನ್ನು ಇದ್ದಕ್ಕಿದ್ದ ಹಾಗೇ ತಿಳಿದುಕೊಂಡರು. ನೇರ ಅಂಗಡಿಗೆ ಹೋಗಿ ಬಟ್ಟೆಯ ಗಂಟುಗಳನ್ನು ಕುದುರೆಗೆ ಹೇರಿ, ಫೊಲಿಞೊ ಪಟ್ಟಣದ ಸಂತೆಯಲ್ಲಿ ಬಟ್ಟೆಯನ್ನೂ ಮಾರಿ, ಕುದುರೆಯನ್ನೂ ಮಾರಿ, ನಡೆದುಕೊಂಡೇ ವಾಪಸ್ ಬಂದು ಹಣವನ್ನು ಆ ದೇವಾಲಯದ ಗುರುಗಳ ಮುಂದೆ ಇಟ್ಟರು. ಗುರುಗಳು ಬುದ್ಧಿವಂತರು. ಈ ಹುಡುಗನ ತಂದೆ ಎಂಥವರು ಅಂತ ಅವರಿಗೆ ಗೊತ್ತಿತ್ತು. ಹಣ ಮುಟ್ಟಲಿಲ್ಲ. ಫ್ರಾನ್ಸಿಸರು ಅದನ್ನು ಕಿಟಕಿಯ ಮೇಲೆ ಎಸೆದುಬಿಟ್ಟರು.

ಮುಂದೆ ನಡೆದದ್ದು ದುಃಖದ ಕಥೆ. ತಂದೆಗೆ ಹೆದರಿ ಫ್ರಾನ್ಸಿಸರು ಸುಮಾರು ಒಂದು ತಿಂಗಳು ಅಡಗಿಕೊಂಡಿದ್ದರು. ಕೊನೆಗೆ ಧೈರ್ಯ ಮಾಡಿ ಊರೊಳಗೆ ಬಂದರೆ, ಕೃಶವಾದ ದೇಹ ಕೊಳಕು ಬಟ್ಟೆ ನೋಡಿ ಜನ ಹುಚ್ಚ ಎಂದು ಕೆಸರು, ಕಲ್ಲು ಎಸೆದರು. ಗಲಾಟೆ ಕೇಳಿ ಹೊರಗೆ ಬಂದ ತಂದೆ, ತನ್ನ ಮಗನೇ ಅಂತ ಕಂಡು, ದರದರ ಎಳೆದುಕೊಂಡು ಹೋಗಿ ಮನೆಯ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಹೊಡೆದರು, ಸರಪಳಿ ಹಾಕಿದರು. ತಂದೆ ವ್ಯಾಪಾರಕ್ಕೆ ಹೋದ ಸಮಯ ನೋಡಿ ತಾಯಿ ಪಿಕಾ ಸರಪಳಿ ಬಿಚ್ಚಿ ಮಗನನ್ನು ಕಳಿಸಿಕೊಟ್ಟರು. ಆ ತಾಯಿ ಗಂಡನಿಂದ ಎಷ್ಟು ಬೈಸಿಕೊಂಡರೋ ದೇವರೇ ಬಲ್ಲ.

ಪಿಯೆತ್ರೊ ಊರಿನ ಅಧಿಕಾರಿಗಳಿಗೆ ದೂರು ಕೊಟ್ಟರು. ತಾನು ಈಗ ದೇವರ ಸೇವಕ, ಅವರ ಅಧಿಕಾರ ತನ್ನ ಮೇಲೆ ನಡೆಯುವುದಿಲ್ಲ ಎಂದು ಫ್ರಾನ್ಸಿಸರು ಹೇಳಿ ಕಳಿಸಿದರು. ದೂರು ಧರ್ಮಾಧ್ಯಕ್ಷ ಗೂಯಿದೊ ಅವರ ಮುಂದೆ ಬಂತು. ಇದು 1206ನೇ ಇಸವಿ. ಊರಿಗೆ ಊರೇ ಸೇರಿತ್ತು. ಧರ್ಮಾಧ್ಯಕ್ಷರು ಮಗನ ಪರವಾಗಿ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ತಂದೆಯ ಹಣ ತಂದೆಗೆ ಕೊಡು, ಅನ್ಯಾಯದ ದುಡ್ಡು ದೇವಾಲಯಕ್ಕೆ ಬೇಡ ಎಂಬ ಅರ್ಥದಲ್ಲೇ ಅವರು ತೀರ್ಪು ಹೇಳಿದರು. ಫ್ರಾನ್ಸಿಸರು ಹಣ ಕೊಟ್ಟರು. ಒಳಗೆ ಹೋಗಿ ಮೈಮೇಲಿದ್ದ ಬಟ್ಟೆಯನ್ನೆಲ್ಲಾ ಕಳಚಿ ಮಡಿಸಿ, ಹಣವನ್ನು ಅದರ ಮೇಲಿಟ್ಟು, ಬರಿಮೈಯಲ್ಲಿ ಹೊರಗೆ ಬಂದು ತಂದೆಯ ಮುಂದೆ ಇಟ್ಟರು. ಇನ್ನು ಮೇಲೆ ತನಗೆ ಸ್ವರ್ಗದಲ್ಲಿರುವ ತಂದೆಯೊಬ್ಬನೇ ತಂದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಧರ್ಮಾಧ್ಯಕ್ಷರು ತಮ್ಮ ಮೇಲಂಗಿಯಿಂದ ಅವರ ಮೈ ಮುಚ್ಚಿದರು. ತಂದೆ ಬಟ್ಟೆ, ಹಣ ಎತ್ತಿಕೊಂಡು ಮನೆಗೆ ಹೋದರು. ಸೇರಿದ್ದ ಜನ ಕಣ್ಣೀರು ಹಾಕಿದರಂತೆ.

ಪಿಯೆತ್ರೊ ದುಷ್ಟ, ಜಿಪುಣ ಅಂತ ಪುಸ್ತಕಗಳಲ್ಲಿ ಬರೆಯುವುದು ರೂಢಿ. ಹೊಡೆದದ್ದು, ಕೂಡಿಹಾಕಿದ್ದು ಖಂಡಿತ ತಪ್ಪು. ಆದರೂ ಅಂಗಡಿ ಮುಂದುವರಿಸುತ್ತಾನೆಂದು ನಂಬಿದ್ದ ಹಿರಿಮಗ, ಹೇಳದೆ ಕೇಳದೆ ಸರಕು ಮಾರಿ, ಊರ ಮುಂದೆ ಬೆತ್ತಲೆ ನಿಂತು, ನೀನು ನನಗೆ ತಂದೆಯಲ್ಲ ಎಂದರೆ ಯಾವ ತಂದೆ ತಾನೇ ತಡೆದುಕೊಳ್ಳುತ್ತಾನೆ? ಮಕ್ಕಳು ಗುರುಗಳಾಗುತ್ತೇನೆ, ಕನ್ಯಾಸ್ತ್ರೀಯಾಗುತ್ತೇನೆ ಎಂದು ಹಠ ಹಿಡಿದ ಮನೆಗಳಲ್ಲಿ ಈ ಸಂಕಟ ಗೊತ್ತಿರುತ್ತದೆ. ತಂದೆ ಮಗ ಮತ್ತೆ ಒಂದಾದರೆಂದು ಹಳೆಯ ಚರಿತ್ರೆಗಳಲ್ಲಿ ಎಲ್ಲೂ ಬಂದಿಲ್ಲ. ಬೀದಿಯಲ್ಲಿ ಎದುರಾದಾಗಲೆಲ್ಲಾ ತಂದೆ ಶಾಪ ಹಾಕುತ್ತಿದ್ದರೆಂದು ಬಂದಿದೆ. ಫ್ರಾನ್ಸಿಸರು ಅದನ್ನು ತಡೆಯಲಾರದೆ ಒಬ್ಬ ಬಡ ಮುದುಕನನ್ನು ಜೊತೆಗೆ ಕರೆದುಕೊಂಡು, ತಂದೆ ಶಾಪ ಹಾಕಿದಾಗಲೆಲ್ಲಾ ತನ್ನ ಮೇಲೆ ಶಿಲುಬೆ ಗುರುತು ಹಾಕಿ ಆಶೀರ್ವಾದ ಮಾಡು, ನೀನೇ ನನ್ನ ಅಪ್ಪ ಎಂದು ಕೇಳಿಕೊಂಡಿದ್ದರು. ತಂದೆಯ ಶಾಪಕ್ಕೆ ಸಂತರೂ ಅಂಜಿದ್ದರು, ಅಷ್ಟೇ ಇದರರ್ಥ.

ಇಷ್ಟಾದರೂ ಅವರು ಜಿಯೊವಾನ್ನಿ ಎಂಬ ದೀಕ್ಷಾಸ್ನಾನದ ಹೆಸರಿಗೆ ಮರಳಲಿಲ್ಲ. ತಂದೆ ಕರೆದ ಫ್ರಾಂಚೆಸ್ಕೊ ಎಂಬ ಹೆಸರಿನಲ್ಲೇ ಭಿಕ್ಷೆ ಬೇಡಿದರು, ಅದೇ ಹೆಸರಿನಲ್ಲಿ ಸಂತರಾದರು. ತಂದೆಯಿಂದ ಬಂದದ್ದರಲ್ಲಿ ಅವರ ಹತ್ತಿರ ಉಳಿದದ್ದು ಅದೊಂದೇ.

ಆ ಘಟನೆ ನಡೆದ ಧರ್ಮಾಧ್ಯಕ್ಷರ ಮನೆ ಈಗಲೂ ಅಸ್ಸಿಸಿಯಲ್ಲಿದೆ. ಅದಕ್ಕೆ ಸೇರಿದ ದೇವಾಲಯವನ್ನು 2017ರಲ್ಲಿ ವಸ್ತ್ರತ್ಯಾಗದ ಪುಣ್ಯಕ್ಷೇತ್ರವೆಂದು ಘೋಷಿಸಲಾಯಿತು. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಹದಿಹರೆಯದ ಹುಡುಗ ಕಾರ್ಲೊ ಅಕುತಿಸರ ಸಮಾಧಿ ಇರುವುದೂ ಅಲ್ಲೇ.

ಬಡತನದ ಕುಟುಂಬ

ಫ್ರಾನ್ಸಿಸರು ಕುಷ್ಠರೋಗಿಗಳ ಸೇವೆ ಮಾಡಿದರು, ಕಲ್ಲು ಹೊತ್ತು ಮೂರು ಹಳೆಯ ದೇವಾಲಯಗಳನ್ನು ರಿಪೇರಿ ಮಾಡಿದರು. ಮೂರನೆಯದು ಬಯಲಿನಲ್ಲಿದ್ದ ದೇವದೂತರ ಮಾತೆಯ ಪುಟ್ಟ ಗುಡಿ, ಪೊರ್ಸಿಯುಂಕುಲಾ. ಅಲ್ಲಿ ಒಂದು ದಿನ ಬಲಿಪೂಜೆಯಲ್ಲಿ, ಪ್ರೇಷಿತರು ಹಣ, ಜೋಳಿಗೆ, ಎರಡು ಅಂಗಿ ಇಟ್ಟುಕೊಳ್ಳದೆ ಹೋಗಬೇಕೆಂಬ ಶುಭಸಂದೇಶದ ಭಾಗ ಓದಿದಾಗ ಸೊಂಟದ ಪಟ್ಟಿ ಬಿಸಾಡಿ ಹಗ್ಗ ಕಟ್ಟಿಕೊಂಡರು. ಇವತ್ತಿಗೂ ಫ್ರಾನ್ಸಿಸ್ಕನ್ ಸಹೋದರರ ಸೊಂಟದಲ್ಲಿ ಕಾಣುವುದು ಅದೇ ಹಗ್ಗ. ನಮ್ಮ ಕರ್ನಾಟಕದಲ್ಲಿ ಸೇವೆ ಮಾಡುತ್ತಿರುವ ಕಪುಚಿನ್ ಗುರುಗಳೂ ಈ ಕುಟುಂಬದವರೇ.

ಒಬ್ಬೊಬ್ಬರಾಗಿ ಜನ ಬಂದು ಸೇರಿದರು. 1209ರಲ್ಲಿ ಫ್ರಾನ್ಸಿಸರು ಸಂಗಡಿಗರೊಂದಿಗೆ ರೋಮಿಗೆ ನಡೆದು ಹೋಗಿ ಜಗದ್ಗುರು ಮೂರನೇ ಇನ್ನೊಸೆಂಟರಿಂದ ಬಾಯಿಮಾತಿನ ಒಪ್ಪಿಗೆ ಪಡೆದರು. ಸಂತ ಕ್ಲಾರಾ ಮನೆ ಬಿಟ್ಟು ಬಂದು ಸಹೋದರಿಯರ ಸಭೆ ಆರಂಭವಾಯಿತು. ಹತ್ತು ಹನ್ನೆರಡು ವರ್ಷದಲ್ಲಿ ಸಹೋದರರ ಸಂಖ್ಯೆ ಸಾವಿರಾರು. ಫ್ರಾನ್ಸಿಸರು ಮಾತ್ರ ಗುರುಪಟ್ಟ ಪಡೆಯಲೇ ಇಲ್ಲ, ಕೊನೆಯ ತನಕ ಡೀಕನ್ ಆಗಿಯೇ ಉಳಿದರು.

1219ರಲ್ಲಿ ಧರ್ಮಯುದ್ಧದ ನಡುವೆ ಈಜಿಪ್ಟಿನ ದಮಿಯೆತ್ತಾಗೆ ಹೋಗಿ, ಆಯುಧವಿಲ್ಲದೆ ಶತ್ರುಪಾಳೆಯ ದಾಟಿ, ಸುಲ್ತಾನ್ ಅಲ್ ಕಾಮಿಲ್ ಅವರನ್ನು ಭೇಟಿಯಾದರು. ಸುಲ್ತಾನರು ಗೌರವದಿಂದ ಮಾತಾಡಿಸಿ ಸುರಕ್ಷಿತವಾಗಿ ವಾಪಸ್ ಕಳಿಸಿದರು. 1223ರ ಕ್ರಿಸ್ತಜಯಂತಿಗೆ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಬೆತ್ಲೆಹೇಮನ್ನು ಜನರ ಕಣ್ಣ ಮುಂದೆ ನಿಲ್ಲಿಸಿದರು. ಡಿಸೆಂಬರಿನಲ್ಲಿ ನಮ್ಮ ಮಕ್ಕಳು ರಾಗಿ ಪೈರು ಬೆಳೆಸಿ ಗೋದಲಿ ಕಟ್ಟುವ ಸಂಭ್ರಮಕ್ಕೆ ಆ ರಾತ್ರಿ ಒಂದು ಮೂಲ.

ಲಾ ವೆರ್ನಾ ಬೆಟ್ಟ

ಬೆಟ್ಟ ಹತ್ತಿ ಹರಕೆ ತೀರಿಸುವ ಭಕ್ತಾದಿಗಳು ಈ ಭಾಗವನ್ನು ನಿಧಾನವಾಗಿ ಓದಬೇಕು. ಅಸ್ಸಿಸಿಯಿಂದ ಉತ್ತರಕ್ಕೆ, ತೊಸ್ಕಾನಾ ಪ್ರಾಂತ್ಯದಲ್ಲಿ ಲಾ ವೆರ್ನಾ ಎಂಬ ಕಾಡುಬೆಟ್ಟವಿದೆ. ಸಮುದ್ರಮಟ್ಟದಿಂದ 1100 ಮೀಟರಿಗೂ ಹೆಚ್ಚು ಎತ್ತರ. ಸೀಳಿದ ಬಂಡೆ, ಆಳವಾದ ಕಂದರ, ಬೀಚ್ ಮರಗಳ ದಟ್ಟ ಕಾಡು. 1213ರಲ್ಲಿ ಒರ್ಲಾಂದೊ ಎಂಬ ಸಾಹುಕಾರರು ಫ್ರಾನ್ಸಿಸರ ಪ್ರಸಂಗ ಕೇಳಿ ಮನಸೋತು ಇಡೀ ಬೆಟ್ಟವನ್ನೇ ಪ್ರಾರ್ಥನೆಗೆಂದು ಬಿಟ್ಟುಕೊಟ್ಟರು. ಚಿನ್ನ ಬೆಳ್ಳಿ ಮುಟ್ಟದ ಫ್ರಾನ್ಸಿಸರು ಈ ದಾನವನ್ನು ಬೇಡ ಎನ್ನಲಿಲ್ಲ. ಏಕಾಂತದ ಜಾಗವೆಂದರೆ ಅವರಿಗೆ ಅಷ್ಟು ಇಷ್ಟ.

1224ರ ಬೇಸಿಗೆಯ ಕೊನೆಗೆ ಅವರು ಮತ್ತೆ ಆ ಬೆಟ್ಟ ಹತ್ತಿದಾಗ ದೇಹ ಸೋತಿತ್ತು. ಈಜಿಪ್ಟಿನಿಂದ ತಂದ ಕಣ್ಣುಬೇನೆ, ಹೊಟ್ಟೆಬೇನೆ. ಮನಸ್ಸಿಗೂ ನೋವಿತ್ತು. ಸಭೆ ದೊಡ್ಡದಾದ ಹಾಗೆ ಕೆಲವು ಸಹೋದರರಿಗೆ ಬಡತನದ ನಿಯಮ ಭಾರವಾಗಿ, ಮನೆ ಬೇಕು, ಪುಸ್ತಕ ಬೇಕು ಎನ್ನತೊಡಗಿದ್ದರು. ತಂದೆಯ ಮನೆ ಬಿಟ್ಟು ಕಟ್ಟಿದ ಕುಟುಂಬವೇ ಕೈಜಾರುತ್ತಿದೆಯೇನೋ ಎಂಬ ಸ್ಥಿತಿ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಿಂದ ಸಂತ ಮಿಕೇಲರ ಹಬ್ಬದವರೆಗೆ ಉಪವಾಸ ಹಿಡಿದರು. ಸಹೋದರ ಲಿಯೊ ದಿನಾ ಸ್ವಲ್ಪ ರೊಟ್ಟಿ, ನೀರು ತಂದಿಟ್ಟು ಹೋಗಬೇಕು, ಹತ್ತಿರ ಬರಬಾರದು. ಒಂದು ಗಿಡುಗ ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಕೂಗಿ ಎಬ್ಬಿಸುತ್ತಿತ್ತಂತೆ. ಅವರಿಗೆ ಹುಷಾರಿಲ್ಲದ ದಿನ ತಡವಾಗಿ ಕೂಗುತ್ತಿತ್ತು ಎಂದೂ ಬರೆದಿದ್ದಾರೆ.

ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬದ ಹೊತ್ತಿಗೆ, ಆರು ರೆಕ್ಕೆಗಳ ದೇವದೂತ ಶಿಲುಬೆಗೇರಿದ ರೂಪದಲ್ಲಿ ಅವರಿಗೆ ಕಾಣಿಸಿದರು. ದರ್ಶನ ಮರೆಯಾದ ಮೇಲೆ ಕೈಕಾಲುಗಳಲ್ಲಿ ಮೊಳೆಯ ಗುರುತು, ಪಕ್ಕೆಯಲ್ಲಿ ಈಟಿಯ ಗಾಯ ಮೂಡಿತ್ತು. ಯೇಸುಸ್ವಾಮಿಯ ಪಂಚಗಾಯಗಳು! ಫ್ರಾನ್ಸಿಸರು ಇದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಅಂಗಿಯ ತೋಳಿನಲ್ಲಿ ಕೈ ಮುಚ್ಚಿಕೊಂಡು ಓಡಾಡುತ್ತಿದ್ದರು. ಬೆಟ್ಟ ಇಳಿದದ್ದು ಕತ್ತೆಯ ಮೇಲೆ, ಕಾಲೂರಿ ನಡೆಯಲು ಆಗುತ್ತಿರಲಿಲ್ಲ. ಆ ದಿನಗಳಲ್ಲಿ ಮನಸ್ಸು ಕುಗ್ಗಿದ್ದ ಲಿಯೊಗೆ ಅವರು ಸ್ವಂತ ಕೈಯಿಂದ ಒಂದು ಆಶೀರ್ವಾದದ ಚೀಟಿ ಬರೆದುಕೊಟ್ಟಿದ್ದರು. ಲಿಯೊ ಅದನ್ನು ಸಾಯುವ ತನಕ ಇಟ್ಟುಕೊಂಡಿದ್ದರು. ಆ ಚರ್ಮದ ಹಾಳೆ 800 ವರ್ಷದ ಮೇಲೆ ಈಗಲೂ ಅಸ್ಸಿಸಿಯ ಮಹಾದೇವಾಲಯದಲ್ಲಿ ನೋಡಲು ಸಿಗುತ್ತದೆ.

ಲಾ ವೆರ್ನಾದಲ್ಲಿ ಇಂದಿಗೂ ದಿನಾ ಮಧ್ಯಾಹ್ನ ಮೂರು ಗಂಟೆಗೆ ಸಹೋದರರು ಹಾಡುತ್ತಾ ಪಂಚಗಾಯದ ಗುಡಿಗೆ ಮೆರವಣಿಗೆ ಹೋಗುತ್ತಾರೆ. ಹಿಂದೊಮ್ಮೆ ಹಿಮ ಬಿದ್ದು ಮೆರವಣಿಗೆ ನಿಂತಾಗ, ಕಾಡುಪ್ರಾಣಿಗಳ ಹೆಜ್ಜೆ ಗುರುತು ಗುಡಿಯ ತನಕ ಸಾಲಾಗಿ ಮೂಡಿತ್ತೆಂದು ಅಲ್ಲಿನವರು ಹೇಳುತ್ತಾರೆ.

ಅಲ್ಲಿಂದ ಎರಡೇ ವರ್ಷ. ಕಣ್ಣು ಕಾಣದಾಯಿತು. ಅಂದಿನ ವೈದ್ಯರು ಕಾದ ಕಬ್ಬಿಣದಿಂದ ಕಿವಿಯಿಂದ ಹುಬ್ಬಿನ ತನಕ ಸುಟ್ಟರು, ಪ್ರಯೋಜನವಾಗಲಿಲ್ಲ. 1225ರಲ್ಲಿ ಸಂತ ದಮಿಯಾನರ ದೇವಾಲಯದ ಬಳಿ ಬೆಳಕು ನೋಡಲಾರದೆ ಮಲಗಿದ್ದಾಗಲೇ, ಸೂರ್ಯನನ್ನು ಅಣ್ಣ, ಚಂದ್ರನನ್ನು ಅಕ್ಕ ಎಂದು ಕರೆದು ದೇವರನ್ನು ಕೊಂಡಾಡುವ ಹಾಡು ಕಟ್ಟಿದರು. ಅದನ್ನು ಫ್ರೆಂಚಿನಲ್ಲೂ ಅಲ್ಲ, ಲತೀನಿನಲ್ಲೂ ಅಲ್ಲ, ತಾಯಿಯ ಹಾಗೆ ಊರವರು ಆಡುವ ಉಂಬ್ರಿಯಾದ ಮಾತಿನಲ್ಲೇ ಕಟ್ಟಿದರು. 1226ರ ಅಕ್ಟೋಬರ್ 3ರ ಸಂಜೆ ಪೊರ್ಸಿಯುಂಕುಲಾದಲ್ಲಿ, ತಮ್ಮ ಇಷ್ಟದಂತೆ ಬರಿ ನೆಲದ ಮೇಲೆ ಮಲಗಿ ಪ್ರಾಣ ಬಿಟ್ಟರು. ವಯಸ್ಸು ಸುಮಾರು 44. ಎರಡು ವರ್ಷದೊಳಗೆ, 1228ರ ಜುಲೈ 16ರಂದು, ಒಂಬತ್ತನೇ ಗ್ರೆಗೊರಿ ಅವರನ್ನು ಸಂತರೆಂದು ಘೋಷಿಸಿದರು.

ಆ ಹೆಸರು ಹೊತ್ತವರು

ಅಪರೂಪವಾಗಿದ್ದ ಹೆಸರು ಆಮೇಲೆ ಮನೆಮನೆಗೆ ಬಂತು. ಇಟಲಿಯಲ್ಲಿ ಪ್ರೀತಿಯಿಂದ ಚೆಕ್ಕೊ, ಚಿಚ್ಚೊ ಎನ್ನುತ್ತಾರೆ. ಸ್ಪೇನಿನಲ್ಲಿ ಫ್ರಾನ್ಸಿಸ್ಕೊ, ಜರ್ಮನಿಯಲ್ಲಿ ಫ್ರಾಂಜ್. ತಮಾಷೆಯೆಂದರೆ ಫ್ರಾನ್ಸಿನವರೇ ಇದನ್ನು ಫ್ರಾಂಸುವಾ ಎಂದು ಸಂತರಿಂದ ತೆಗೆದುಕೊಂಡರು! ಕಂಪ್ಯೂಟರ್ ಕೆಲಸಕ್ಕೆಂದು ನಮ್ಮ ಕನ್ನಡದ ಹುಡುಗರು ಹೋಗುವ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ 1776ರಲ್ಲಿ ಫ್ರಾನ್ಸಿಸ್ಕನ್ ಗುರುಗಳು ಕಟ್ಟಿದ ಮಿಶನ್ ಮೂಲಕ ಬಂದದ್ದು ಈ ಸಂತರ ಹೆಸರೇ. ಗೋವೆಗೆ 1542ರಲ್ಲಿ ಬಂದ ಸಂತ ಫ್ರಾನ್ಸಿಸ್ ಝೇವಿಯರರು ಸ್ಪೇನಿನ ನವಾರ್ರದವರು. ಇಟಲಿಯವರ ಬಾಯಲ್ಲಿ ಅವರು ಫ್ರಾಂಚೆಸ್ಕೊ ಸವೇರಿಯೊ.

1304ರಲ್ಲಿ ಅರೆತ್ಸೊ ಪಟ್ಟಣದಲ್ಲಿ ಹುಟ್ಟಿದ ಮಹಾಕವಿ ಫ್ರಾಂಚೆಸ್ಕೊ ಪೆತ್ರಾರ್ಕಾ ಲೋಕಪ್ರಸಿದ್ಧರು. ಭಕ್ತರಿಗೆ ಹೆಚ್ಚು ಹತ್ತಿರದವರು ಪಾವೊಲಾದ ಸಂತ ಫ್ರಾಂಚೆಸ್ಕೊ. 1416ರಲ್ಲಿ ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ, ಬಹುಕಾಲ ಮಕ್ಕಳಿಲ್ಲದ ದಂಪತಿ ಅಸ್ಸಿಸಿಯ ಸಂತರಿಗೆ ಹರಕೆ ಹೊತ್ತು ಪಡೆದ ಮಗು ಅವರು. ಮಗುವಿಗೆ ಕಣ್ಣಿನ ತೊಂದರೆಯಾದಾಗ ಮತ್ತೆ ಹರಕೆ ಹೊತ್ತರು, ಗುಣವಾಯಿತು. ಮುಂದೆ ಅವರು ಕಿರಿಯರಲ್ಲಿ ಕಿರಿಯರು ಎಂಬರ್ಥದ ಮಿನಿಮ್ ಸಭೆ ಸ್ಥಾಪಿಸಿ, 1507ರಲ್ಲಿ ಫ್ರಾನ್ಸ್ ದೇಶದಲ್ಲೇ ತೀರಿಕೊಂಡರು.

1887ರಲ್ಲಿ ಪಿಯೆತ್ರೆಲ್ಚಿನಾ ಎಂಬ ಹಳ್ಳಿಯ ಬಡ ರೈತರ ಮನೆಯಲ್ಲಿ ಫ್ರಾಂಚೆಸ್ಕೊ ಫೊರ್ಜೊನೆ ಎಂಬ ಹುಡುಗ ಹುಟ್ಟಿದ. ಕಪುಚಿನ್ ಸಭೆ ಸೇರುವಾಗ ಆ ಹೆಸರು ಬಿಟ್ಟು ಪಿಯೊ ಎಂದಾದರು. ಅವರೇ ನಮ್ಮ ಭಕ್ತರಿಗೆಲ್ಲಾ ಗೊತ್ತಿರುವ ಪಾದ್ರೆ ಪಿಯೊ. 1918ರ ಸೆಪ್ಟೆಂಬರ್ 20ರಂದು ಅವರ ಮೈಮೇಲೂ ಪಂಚಗಾಯಗಳು ಮೂಡಿ 50 ವರ್ಷ ಇದ್ದವು. ಹೆಸರು ಬಿಟ್ಟರೂ ಗಾಯ ಬಿಡಲಿಲ್ಲ. 2002ರಲ್ಲಿ ಅವರು ಸಂತರಾದರು.

ಇಷ್ಟು ಜನ ಇಟ್ಟುಕೊಂಡ ಹೆಸರನ್ನು ಸುಮಾರು 800 ವರ್ಷ ಒಬ್ಬ ಜಗದ್ಗುರುವೂ ಇಟ್ಟುಕೊಳ್ಳಲಿಲ್ಲ. 2013ರ ಮಾರ್ಚ್ 13ರಂದು ಅರ್ಜೆಂಟೀನಾದ ಕಾರ್ಡಿನಲ್ ಬೆರ್ಗೊಲಿಯೊ ಆಯ್ಕೆಯಾದಾಗ, ಬಡವರನ್ನು ಮರೆಯಬೇಡಿ ಎಂದು ಪಕ್ಕದಲ್ಲಿದ್ದ ಕಾರ್ಡಿನಲ್ ಒಬ್ಬರು ಕಿವಿಮಾತು ಹೇಳಿದರು. ಬೆರ್ಗೊಲಿಯೊ ಅವರಿಗೆ ಆ ಕ್ಷಣ ಹೊಳೆದದ್ದು ಅಸ್ಸಿಸಿಯ ಸಂತರ ಹೆಸರು. ಅವರ ತಂದೆ ಇಟಲಿಯ ಪಿಯೆಮೊಂತೆಯಿಂದ ವಲಸೆ ಹೋದವರು. 2025ರ ಏಪ್ರಿಲ್ 21ರಂದು ಜಗದ್ಗುರು ಫ್ರಾನ್ಸಿಸರು ತೀರಿಕೊಂಡರು. ರೋಮಿನ ಮರಿಯಮ್ಮನವರ ಮಹಾದೇವಾಲಯದಲ್ಲಿರುವ ಸಮಾಧಿಯ ಮೇಲೆ, ಅವರೇ ಹೇಳಿಟ್ಟಿದ್ದ ಹಾಗೆ, ಲತೀನಿನಲ್ಲಿ ಫ್ರಾನ್ಸಿಸ್ಕುಸ್ ಎಂದು ಹೆಸರೊಂದನ್ನೇ ಕೆತ್ತಲಾಗಿದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಅಕ್ಟೋಬರ್ 4. ಅವರು ದೈವಾಧೀನರಾಗಿ 2026ಕ್ಕೆ 800 ವರ್ಷವಾಗುವ ಪ್ರಯುಕ್ತ ಇಟಲಿ ದೇಶ ಆ ದಿನವನ್ನು ಮತ್ತೆ ರಾಷ್ಟ್ರೀಯ ರಜೆಯೆಂದು ಕಾನೂನು ಮಾಡಿದೆ. ಹಿಂದಿನ ಸಂಜೆ, ಅಂದರೆ ಅಕ್ಟೋಬರ್ 3ರಂದು, ಸೂರ್ಯ ಮುಳುಗುವ ಹೊತ್ತಿಗೆ ಫ್ರಾನ್ಸಿಸ್ಕನ್ ಮಠಗಳಲ್ಲೆಲ್ಲಾ ಅವರ ಮರಣದ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ.